ಹೊನ್ನಾವರದ ಐಸ್ ಫ್ಯಾಕ್ಟರಿಗೂ ಆರು ಇಲೆಕ್ಟ್ರಿಕ್ ಗಾಡಿಗಳಿಗೂ ಸೇರಿಸಿ ಮೈಕ್ರೋಗ್ರಿಡ್ ಹಾಕಿಸಬಹುದೇ?

ದಿನಕ್ಕೆ 10 ಟನ್ ಬ್ಲಾಕ್ ಐಸ್ ತಯಾರಿಸುವ ಫ್ಯಾಕ್ಟರಿ ನಿಮ್ಮದೆಂದೂ, ಮೀನು ಸಾಗಿಸಲು ಆರು ಇಲೆಕ್ಟ್ರಿಕ್ ತ್ರಿಚಕ್ರ ವಾಹನಗಳನ್ನು ಕೊಂಡಿದ್ದೀರೆಂದೂ, ಮಳೆಗಾಲದಲ್ಲಿ ಕರೆಂಟು ಹೋದರೂ ಕೆಲಸ ನಿಲ್ಲದಂತೆ ಸೋಲಾರ್, ಬ್ಯಾಟರಿ, ಜನರೇಟರ್ ಸೇರಿದ ಮೈಕ್ರೋಗ್ರಿಡ್ (ಸ್ವಂತದ ಪುಟ್ಟ ವಿದ್ಯುತ್ ಜಾಲ) ಹಾಕಿಸಬೇಕೆಂದಿದ್ದೀರೆಂದೂ ಬರೆದಿದ್ದೀರಿ. ಅಂಕೋಲಾ ಕಡೆಯ ಮೀನಿನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ವಿದ್ಯುತ್ ಕೆಲಸವನ್ನು ನೋಡಿಕೊಳ್ಳುವವನಾಗಿ ಹೇಳುವುದಾದರೆ, ಅವಶ್ಯವಾಗಿ ಹಾಕಿಸಿ. ಆದರೆ ಐಸ್ ಗಟ್ಟಿಸುವ ಕಂಪ್ರೆಸರನ್ನು ಬ್ಯಾಟರಿಯ ಮೇಲೆ ನಡೆಸುವ ಆಸೆಯನ್ನು ಮೊದಲು ಬಿಡಿ.

ಲೆಕ್ಕ ಹೀಗಿದೆ. ನಮ್ಮಂಥ ಸೆಕೆಯ ಪ್ರದೇಶದಲ್ಲಿ ಒಂದು ಟನ್ ಬ್ಲಾಕ್ ಐಸಿಗೆ 55ರಿಂದ 70 ಯೂನಿಟ್ ಬೇಕಾಗುತ್ತದೆ, ಅಂದರೆ ನಿಮಗೆ ದಿನಕ್ಕೆ 600 ಯೂನಿಟ್ಟಿನ ಆಸುಪಾಸು. 3000 ಚದರಡಿಯ ಮಾಡಿನ ಮೇಲೆ ಸುಮಾರು 30 ಕಿಲೋವ್ಯಾಟಿನ ಪ್ಯಾನೆಲ್‌ಗಳು ಕೂರುತ್ತವೆ. ಅವು ಒಳ್ಳೆಯ ಬಿಸಿಲಿನಲ್ಲಿ 120 ಯೂನಿಟ್ ಕೊಟ್ಟರೆ ಆಷಾಢದ ಮೋಡದಲ್ಲಿ ಅದರ ಅರ್ಧವನ್ನೂ ಕೊಡದ ದಿನಗಳಿರುತ್ತವೆ. ಆದ್ದರಿಂದ ಐಸಿನ ಮಟ್ಟಿಗೆ ಸೋಲಾರ್ ಬಿಲ್ಲನ್ನು ತಗ್ಗಿಸೀತೇ ಹೊರತು ಫ್ಯಾಕ್ಟರಿಯನ್ನು ನಡೆಸಲಾರದು. ಗಾಡಿಗಳ ಸಂಗತಿ ಬೇರೆ. ಒಂದೊಂದರ ಬ್ಯಾಟರಿ 8 ಯೂನಿಟ್ಟಿನದೆಂದು ಹಿಡಿದರೆ, ಚಾರ್ಜರಿನ ನಷ್ಟವನ್ನೂ ಸೇರಿಸಿ ಆರಕ್ಕೂ 55 ಯೂನಿಟ್ ಸಾಕು. ಬೆಳಗಿನ ಜಾವ ಮೀನು ಹೊತ್ತು ಹೊರಟ ಗಾಡಿಗಳು ಹತ್ತು, ಹನ್ನೊಂದರ ಹೊತ್ತಿಗೆ ತೊಳೆಸಿಕೊಂಡು ನಿಂತಿರುತ್ತವೆ. ಸೂರ್ಯ ನೆತ್ತಿಗೇರುವುದೂ ಆಗಲೇ. ಪ್ಯಾನೆಲ್ಲಿನ ವಿದ್ಯುತ್ತು ನೇರವಾಗಿ ಗಾಡಿಗೆ ಹೋದರೆ ನಡುವೆ ಇನ್ನೊಂದು ಬ್ಯಾಟರಿಯ ಖರ್ಚೂ ಇಲ್ಲ, ನಷ್ಟವೂ ಇಲ್ಲ. ಅಕ್ಕಪಕ್ಕದವರ ಗಾಡಿಗಳಿಗೂ ಹಣ ಪಡೆದು ಚಾರ್ಜ್ ಮಾಡಿಕೊಡಬಹುದು. ಅದಕ್ಕೆ ವಿದ್ಯುತ್ ಮಾರಾಟದ ಪರವಾನಗಿ ಬೇಡವೆಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ.

ನಿಮ್ಮ ದೊಡ್ಡ ಬ್ಯಾಟರಿ ಈಗಾಗಲೇ ನಿಮ್ಮಲ್ಲಿದೆ. ಅದು ಐಸ್ ಅಚ್ಚಿನ ಕ್ಯಾನುಗಳು ಮುಳುಗಿರುವ ಆ ಉಪ್ಪುನೀರಿನ ತೊಟ್ಟಿ. ಮುಚ್ಚಳ ಸರಿಯಾಗಿದ್ದರೆ ಎರಡು ಗಂಟೆ ಕರೆಂಟಿಲ್ಲದಿದ್ದರೂ ಗಟ್ಟಿಯಾದ ಐಸಿಗೆ ಏನೂ ಆಗುವುದಿಲ್ಲ. ನೇರವಾಗಿ ಚಾಲೂ ಮಾಡಿದ ಕಂಪ್ರೆಸರಿನ ಮೋಟಾರು ಆ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಅದನ್ನು ತಾಳುವ ಇನ್ವರ್ಟರ್ ಕೊಳ್ಳುವುದು ಜಾತ್ರೆಯ ಜನಕ್ಕೆಂದು ಮನೆ ಕಟ್ಟಿಸಿದಂತೆ. ಕಂಪ್ರೆಸರ್ ಹೊರಗಿನ ಲೈನಿನ ಕರೆಂಟಿನಲ್ಲಿ, ಅದು ಹೋದಾಗ ಜನರೇಟರಿನಲ್ಲಿ ನಡೆಯಲಿ. ದೀಪ, ಅಮೋನಿಯಾ ಸೋರಿಕೆಯ ಅಲಾರಂ, ನೀರಿನ ಪಂಪು, ತುರ್ತಿಗೆ ಒಂದೆರಡು ಗಾಡಿಯ ಚಾರ್ಜು, ಇಷ್ಟಕ್ಕೆ 20ರಿಂದ 30 ಯೂನಿಟ್ಟಿನ ಲಿಥಿಯಂ ಬ್ಯಾಟರಿ ಧಾರಾಳವಾಯಿತು.

ನಾವು ಎಡವಿದ್ದು ಇನ್ವರ್ಟರಿನಲ್ಲಿ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿರುವ ಜಿಲ್ಲೆ ನಮ್ಮದು. ಆದರೂ ಲೈನಿನ ಮೇಲೆ ಒಂದು ಮರ ಮುರಿದುಬಿದ್ದರೆ ಕತ್ತಲೆಯೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದ ಮೇಲೆ, ತೊಳೆದಿಟ್ಟಂಥ ಬಿಸಿಲಿನಲ್ಲಿ ಮಾಡಿನ ಮೇಲೆ ಪ್ಯಾನೆಲ್‌ಗಳು ಥಳಥಳಿಸುತ್ತಿದ್ದವು, ಅವುಗಳ ಕೆಳಗೆ ಜನರೇಟರ್ ಡೀಸೆಲ್ ಕುಡಿಯುತ್ತಿತ್ತು, ಇನ್ವರ್ಟರಿನ ಕೆಂಪು ದೀಪ ಮಾತ್ರ ಮಿಣುಕುತ್ತಿತ್ತು. ಕಂಬವೇರಿದ ಲೈನ್‌ಮನ್ನನಿಗೆ ಅಪಾಯವಾಗದಿರಲೆಂದು, ಲೈನ್ ಸತ್ತೊಡನೆ ತಾನೂ ನಿಲ್ಲುವಂತೆಯೇ ಸಾಮಾನ್ಯ ಇನ್ವರ್ಟರುಗಳನ್ನು ಮಾಡಿರುತ್ತಾರೆ. ಇದನ್ನು ಮಾರಿದವರು ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನೀವು ಹೈಬ್ರಿಡ್ ಇನ್ವರ್ಟರನ್ನೇ ಕೇಳಿ, ಹೊರಗಿನ ಲೈನಿನಿಂದ ಬೇರ್ಪಟ್ಟು ತಾನೇ ವೋಲ್ಟೇಜನ್ನು ಕಾಯ್ದುಕೊಳ್ಳಬಲ್ಲದೇ ಎಂಬುದನ್ನು ಬರಹದಲ್ಲಿ ಪಡೆಯಿರಿ, ಹಣ ಪೂರ್ತಿ ಕೊಡುವ ಮೊದಲು ಮುಖ್ಯ ಸ್ವಿಚ್ ಇಳಿಸಿ ನೋಡಿ. ಜನರೇಟರಿನ ಜತೆಗೆ ಸೋಲಾರ್ ಓಡಿಸುವುದಾದರೆ ಪ್ರತ್ಯೇಕ ಕಂಟ್ರೋಲರ್ ಬೇಕು. ಇಲ್ಲವಾದರೆ ಲೋಡು ಇಳಿದಾಗ ವಿದ್ಯುತ್ತು ಜನರೇಟರಿಗೇ ತಿರುಗಿ ನುಗ್ಗುತ್ತದೆ.

ಉಪ್ಪುಗಾಳಿಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಉಪ್ಪುಗಾಳಿಯನ್ನು ತಾಳುವ ಬಗೆಯನ್ನು ನೋಡುವ ಐಇಸಿ 61701 ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ಯಾನೆಲ್‌ಗಳನ್ನೇ ಆರಿಸಿ; ನಮ್ಮಲ್ಲಿ ಪ್ಯಾನೆಲ್‌ಗಳಿಗಿಂತ ಮೊದಲು ತುಕ್ಕು ಹಿಡಿದದ್ದು ಕ್ಲಾಂಪಿನ ಬೋಲ್ಟುಗಳಿಗೆ.

ಬೇರೆ ಕಂಪನಿಯೇ ಬಂಡವಾಳ ಹಾಕಿ ಯೂನಿಟ್ಟಿಗಿಷ್ಟು ಎಂದು ಹಣ ಪಡೆಯುವ ಒಪ್ಪಂದ ನಿಮ್ಮಂಥವರಿಗೆ ಅನುಕೂಲವೇ. ಆದರೆ ತಿಂಗಳಿಗೆ ಕನಿಷ್ಠ ಇಷ್ಟು ಯೂನಿಟ್ಟಿನ ಹಣ ಕೊಡಲೇಬೇಕೆಂಬ ಷರತ್ತು ಅದರಲ್ಲಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಐಸಿಗೆ ಗಿರಾಕಿಯೇ ಇರುವುದಿಲ್ಲ. ಆ ಎರಡು ತಿಂಗಳನ್ನು ಷರತ್ತಿನಿಂದ ಹೊರಗಿಡಲು ಪಟ್ಟು ಹಿಡಿಯಿರಿ. ನಿಜವಾದ ಇಕ್ಕಟ್ಟಿನ ತಿಂಗಳು ಆಗಸ್ಟ್: ಬೋಟುಗಳು ಕಡಲಿಗಿಳಿದಿರುತ್ತವೆ, ಮಳೆ ಹೋಗಿರುವುದಿಲ್ಲ. ಲೀಟರ್ ಡೀಸೆಲಿಗೆ 3ರಿಂದ 3.5 ಯೂನಿಟ್ ಎಂಬ ಲೆಕ್ಕದಲ್ಲಿ ಆ ತಿಂಗಳ ಖರ್ಚನ್ನು ಬೇರೆಯಾಗಿ ಬರೆದಿಡಿ.