ಎಂಟು ತಿಂಗಳಾದರೂ ಕೂಡದ ಎಲುಬು

ಪ್ರಶ್ನೆ: ನಮ್ಮ ಅಣ್ಣನಿಗೆ 44 ವರ್ಷ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸುವಾಗ ಲಾರಿಯಿಂದ ಬಿದ್ದು, ಬಲ ತೊಡೆಯ ಎಲುಬು ಕುತ್ತಿಗೆಯ ಭಾಗದಲ್ಲಿ, ಅಂದರೆ ಸೊಂಟದ ಕೀಲಿನಲ್ಲಿ ಕೂರುವ ಗುಂಡು ತಲೆಯ ಕೆಳಗೆ, ಮುರಿಯಿತು. ಹತ್ತು ದಿನ ಊರಲ್ಲೇ ನಾಟಿ ಪಟ್ಟು ಕಟ್ಟಿಸಿ, ಆಮೇಲೆ ಹುಬ್ಬಳ್ಳಿಯಲ್ಲಿ ಮೂರು ಸ್ಕ್ರೂ ಹಾಕಿಸಿದೆವು. ಎಂಟು ತಿಂಗಳಾದರೂ ಕಾಲೂರಿದರೆ ತೊಡೆಸಂದಿಯಲ್ಲಿ ನೋವಿದೆ, ಕಾಲು ಗಿಡ್ಡವಾಗಿದೆ. ಎಲುಬು ಕೂಡಿಲ್ಲವಂತೆ. ಒಬ್ಬ ವೈದ್ಯರು ಕೀಲು ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಎಲುಬು ಕತ್ತರಿಸಿ ಓರೆ ತಿದ್ದೋಣ ಎನ್ನುತ್ತಾರೆ. ಮುರಿದದ್ದನ್ನು ಕೂಡಿಸಲು ಮತ್ತೆ ಕತ್ತರಿಸುವುದೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಅನುಮಾನ ಸಹಜವಾದದ್ದು. ತೊಡೆ ಎಲುಬಿನ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಬಹುಪಾಲು ಈ ಕುತ್ತಿಗೆಯನ್ನು ಅಂಟಿಕೊಂಡೇ ಮೇಲೇರುವುದರಿಂದ, ಕುತ್ತಿಗೆ ಮುರಿದು ಸರಿದಾಗ ಅವೂ ಹಲವು ಸಲ ತುಂಡಾಗುತ್ತವೆ. ಎಲುಬಿನ ದಂಡದ ಸುತ್ತ ಹೊಸ ಎಲುಬು ಬೆಳೆಸುವ ಪೊರೆ ಇಲ್ಲಿ ಇಲ್ಲವೆಂದೇ ಹೇಳಬೇಕು. ಇದೇ ಎಲುಬು ನಾಲ್ಕು ಬೆರಳು ಕೆಳಗೆ ಮುರಿದಿದ್ದರೆ ಬಹುಶಃ ಇಷ್ಟರಲ್ಲಿ ಕೂಡಿರುತ್ತಿತ್ತು. ಹತ್ತು ದಿನದ ಪಟ್ಟು ಒಳ್ಳೆಯದೇನೂ ಮಾಡಲಿಲ್ಲ, ಏಕೆಂದರೆ ಹೊರಗೆ ಎಷ್ಟು ಬಿಗಿದರೂ ಅಷ್ಟು ಆಳದ ಮುರಿತ ಅಲುಗಾಡದೆ ಇರದು.

ಇನ್ನು ಕತ್ತರಿಸುವ ಮಾತು. ಮುರಿದ ಗೆರೆ ಕಡಿದಾಗಿದ್ದರೆ ಪ್ರತಿ ಹೆಜ್ಜೆಗೂ ಮೇಲಿನ ತುಣುಕು ಕೆಳಗೆ ಜಾರುತ್ತದೆ. ನಿಮ್ಮ ಅಣ್ಣನವರಿಗೆ ಇದನ್ನು ವಿವರಿಸಬೇಕಿಲ್ಲ: ಓರೆಯ ಮೇಲಿಟ್ಟ ಚೀಲ ಜಾರುತ್ತದೆ, ಸಮನೆಲದ ಮೇಲಿಟ್ಟದ್ದು ತನ್ನ ಭಾರಕ್ಕೇ ಒತ್ತಿ ಕೂರುತ್ತದೆ. ಜರ್ಮನಿಯ ವೈದ್ಯ ಪಾವೆಲ್ಸ್ 1935ರಲ್ಲಿ ಈ ಮುರಿತಗಳನ್ನು ಗೆರೆಯ ಓರೆಯ ಪ್ರಕಾರವೇ ಮೂರು ಬಗೆಯಾಗಿ ವಿಂಗಡಿಸಿದರು. 50 ಡಿಗ್ರಿ ಮೀರಿದ್ದು ಕೂಡಲು ಅತಿ ಕಷ್ಟದ್ದು. ಕುತ್ತಿಗೆಯ ಕೆಳಗಿನ ಎಲುಬಿನಿಂದ ಬೆಣೆಯಾಕಾರದ ತುಂಡೊಂದನ್ನು ತೆಗೆದು ಪ್ಲೇಟಿನಿಂದ ಬಿಗಿದರೆ ಆ ಗೆರೆ ಮಲಗಿ, ಜಾರಿಸುತ್ತಿದ್ದ ಭಾರವೇ ಒತ್ತುವ ಭಾರವಾಗುತ್ತದೆ. ಗಿಡ್ಡವಾದ ಕಾಲೂ ತುಸು ಉದ್ದವಾಗುತ್ತದೆ.

ಆದರೆ ಎಲುಬಿನ ತಲೆ ಜೀವಂತವಾಗಿದ್ದರೆ, ಕುಸಿದಿರದಿದ್ದರೆ ಮಾತ್ರ ಇದಕ್ಕೆ ಅರ್ಥವಿದೆ. ಸ್ಕ್ರೂಗಳಿಂದ ಚಿತ್ರ ಕೊಂಚ ಮಬ್ಬಾದರೂ ಎಂ.ಆರ್.ಐ. ಮಾಡಿಸಿ, ಒಳಗೆ ಕೀವು ಇಲ್ಲವೆಂಬುದನ್ನು ರಕ್ತಪರೀಕ್ಷೆಯಿಂದ ತಿಳಿದುಕೊಳ್ಳಿ. ತಲೆ ಸತ್ತು ಕುಸಿದಿದ್ದರೆ ಕೀಲು ಬದಲಾವಣೆಯೇ ಸರಿ. 70ರ ಹಿರಿಯರಾಗಿದ್ದರೆ ನಾನೂ ಮೊದಲಿಗೇ ಅದನ್ನೇ ಹೇಳುತ್ತಿದ್ದೆ. 44ರಲ್ಲಿ ಹಾಕಿದ ಕೃತಕ ಕೀಲನ್ನು ಮುಂದೊಮ್ಮೆ ಬದಲಿಸಬೇಕಾಗಿ ಬರಬಹುದು; ಅದರೊಂದಿಗೆ ಕುಕ್ಕರಗಾಲಲ್ಲಿ ಕೂಡುವುದು, ಭಾರ ಹೊರುವುದು ಕಷ್ಟ. ಆದ್ದರಿಂದ ತಲೆ ಚೆನ್ನಾಗಿದ್ದರೆ ಸ್ವಂತ ಎಲುಬನ್ನು ಉಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಅವರು ಬೀಡಿ, ತಂಬಾಕು ಬಳಸುತ್ತಿದ್ದರೆ ಇಂದೇ ಬಿಡಿಸಿ. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸಿ ಎಲುಬು ಕೂಡುವುದನ್ನು ತಡೆಯುತ್ತದೆ. ಸಕ್ಕರೆ ಕಾಯಿಲೆ ಮತ್ತು ಡಿ ಜೀವಸತ್ವದ ಪರೀಕ್ಷೆಯೂ ಆಗಲಿ. ಅಲ್ಲಿಯವರೆಗೆ ಕೋಲು ಹಿಡಿದು ನಡೆಯಲಿ, ಆದರೆ ಎಡಗೈಯಲ್ಲಿ. ನೋಯುವ ಕಡೆಯ ಕೈಯಲ್ಲೇ ಹಿಡಿಯುವವರು ಬಹಳ ಮಂದಿ; ಆಗ ಆ ಕೀಲಿನ ಭಾರ ಅಷ್ಟಾಗಿ ಇಳಿಯುವುದಿಲ್ಲ.