ಕೆಲಸ ಹೋದ ಮೇಲೆ, ನಾಯಿ ಮಾತ್ರ ಜೊತೆಗಿರುವಾಗ

ಕೆಲಸ ಹೋಗಿ ಆರು ತಿಂಗಳಾಯ್ತು, ನಾಯಿ ಮಾತ್ರ ಬೆನ್ನು ಬಿಡುತ್ತಿಲ್ಲ, ಇದರ ಮೂಲಕ ದೇವರು ನನಗೇನಾದರೂ ಹೇಳುತ್ತಿದ್ದಾನಾ ಅಂತ ಕೇಳಿದ್ದೀರಿ.

ಹೇಳುತ್ತಿರಬಹುದು. ಆದರೆ ಸುಮ್ನೆ ಗುಟ್ಟಿನ ಸಂದೇಶ ಹುಡುಕಬೇಡಿ. ಬೈಬಲಿನಲ್ಲಿ ಬಿಳಾಮ ಅನ್ನೋ ಪ್ರವಾದಿಯ ಕತ್ತೆ ಬಾಯಿಬಿಟ್ಟು ಮಾತಾಡಿತು ನಿಜ (ಅರಣ್ಯಕಾಂಡ 22), ನಮ್ಮ ಮನೆಯವು ಬಿಸ್ಕತ್ತು ಕೇಳುವುದೇ ಜಾಸ್ತಿ! ಯೆಶಾಯ 1:3 ಓದಿ. ಎತ್ತಿಗೆ ಒಡೆಯ ಗೊತ್ತು, ಕತ್ತೆಗೆ ಗೋದಲಿ ಗೊತ್ತು, ನನ್ನ ಜನಕ್ಕೇ ಗೊತ್ತಿಲ್ಲ ಅಂತ ದೇವರು ಅಲ್ಲಿ ನೊಂದುಕೊಳ್ಳುತ್ತಾನೆ. ನಾನು ಯಾರವನು ಅನ್ನೋದು ಮೊದಲು, ಏನು ಮಾಡಬೇಕು ಅನ್ನೋದು ಆಮೇಲೆ, ಅಲ್ವಾ?

ನಮ್ಮ ನಾಯಿ ಕರಿಯನಿಗೆ ಕೊನೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಆದರೂ ಗೇಟಿನ ಚಿಲಕದ ಸದ್ದಾದರೆ ಸಾಕು, ಗೋಡೆಗೆ ಮೂತಿ ಒರೆಸಿಕೊಂಡೇ ಬಾಗಿಲಿಗೆ ಬರುತ್ತಿದ್ದ. ಆಗ ನನಗೂ ಕೆಲಸವಿರಲಿಲ್ಲ. ಅವನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಅವನನ್ನು ಓಡಾಡಿಸುವಾಗಲೇ ಪಕ್ಕದ ಬೀದಿಯ ಒಂಟಿ ಅಜ್ಜಿ ಮಾತಿಗೆ ಸಿಕ್ಕರು. ಅವರಿಗೆ ಔಷಧಿ ತಂದುಕೊಡುವುದು ಶುರುವಾಯಿತು. ಕರಿಯ ಹೋಗಿ ಎರಡು ವರ್ಷವಾಯಿತು, ಔಷಧಿ ಅಂಗಡಿಗೆ ಈಗಲೂ ನಾನೇ ಹೋಗುತ್ತೇನೆ.

ನೀವೂ ಸಂಜೆಯ ವಾಕಿಂಗ್ ತಪ್ಪಿಸಬೇಡಿ. ಮೊಬೈಲ್ ಮನೆಯಲ್ಲೇ ಬಿಟ್ಟು ಹೋಗಿ.