ಎಸ್ಸೆಸ್ಸೆಲ್ಸಿಯಲ್ಲಿ 64 ಪರ್ಸೆಂಟ್ ಬಂದಿದೆ, ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಅಥವಾ ಐಐಟಿ ಸೀಟಿನ ಆಸೆ ಬಿಡಬೇಕಾ?

ಗೌರಿಬಿದನೂರು ತಾಲ್ಲೂಕು, ಹಳ್ಳಿ ಶಾಲೆ, ಕನ್ನಡ ಮಾಧ್ಯಮ, ಈಗ ಫಸ್ಟ್ ಪಿಯುಸಿ ಸೈನ್ಸ್. "ಹಳೇ ಅಂಕ ನೋಡಿ ದೊಡ್ಡ ಕಾಲೇಜಿನವರು ಬೇಡ ಅಂತಾರಾ? ಎಸ್ಸೆಸ್ಸೆಲ್ಸಿ ಮತ್ತೆ ಬರೆಯಲಾ?" ಅಂತ ಕೇಳಿದ್ದೀರಿ. ಬೇಡ, ಬರೆಯಬೇಡಿ. ನಾನು ಶಿಡ್ಲಘಟ್ಟ ತಾಲ್ಲೂಕಿನವನು, 2014ರ ಬ್ಯಾಚು. ನನಗೆ ಬಂದದ್ದು 625ಕ್ಕೆ 411. ನಿಮ್ಮಷ್ಟೇ ಹೆಚ್ಚುಕಡಿಮೆ.

ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ನಮ್ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿತ್ತು, ಅಂದರೆ ಗೂಡು ಕಟ್ಟಲು ತಯಾರಾಗಿತ್ತು. ರೇಷ್ಮೆ ಮೇಯಿಸುವ ಮನೆಯವರಿಗೆ ಇದು ಹೇಳಬೇಕಾಗಿಲ್ಲ. ಹಣ್ಣಾದ ಹುಳ ಯಾರ ಪರೀಕ್ಷೆಗೂ ಕಾಯುವುದಿಲ್ಲ. ಅಪ್ಪ, ಅಮ್ಮ, ನಾನು, ತಂಗಿ ಕೂತು ಹಳದಿ ತಿರುಗಿದ ಹುಳ ಒಂದೊಂದೇ ಆರಿಸಿ, ಅವು ಗೂಡು ಕಟ್ಟುವ ತಟ್ಟೆಗೆ, ಚಂದ್ರಿಕೆಗೆ ಬಿಟ್ಟೆವು. ಮುಗಿಯುವ ಹೊತ್ತಿಗೆ ಕೋಳಿ ಕೂಗುತ್ತಿತ್ತು. ಅದೊಂದೇ ಕಾರಣ ಅಂತ ಹೇಳುವುದಿಲ್ಲ, ನಾನು ಓದಿದ್ದೂ ಕಡಿಮೆಯೇ. ಆದರೆ ಆ 411 ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಸೇರಿದೆ. ಪಕ್ಕ ಕೂತವನದು 590ರ ಮೇಲೆ. ಮೊದಲ ದಿನವೇ "ನಿನ್ನದೆಷ್ಟು?" ಅಂದ. ನಾನು 511 ಅಂದುಬಿಟ್ಟೆ. ಆಮೇಲೆ ಶಾಲೆಯ ಮಾತು ಬಂದರೆ ಸಾಕು, ಎದ್ದು ಹೋಗುತ್ತಿದ್ದೆ. ಹಳ್ಳಿ ಶಾಲೆ, ಕನ್ನಡ ಮಾಧ್ಯಮ, ಆ ಅಂಕಪಟ್ಟಿ ಮೂರನ್ನೂ ಒಂದೇ ಗಂಟು ಕಟ್ಟಿ ಮುಚ್ಚಿಟ್ಟುಕೊಂಡಿದ್ದೆ. ಓದುವುದನ್ನು ಮಾತ್ರ ಬಿಡಲಿಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸೇರಿ 300ಕ್ಕೆ 262 ಬಂತು.

ತಪ್ಪು ಮಾಡಿದ್ದು ಅದಕ್ಕೂ ಮೊದಲು, ಸಿಇಟಿ ಅರ್ಜಿ ತುಂಬುವಾಗ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದರೆ ನೀವು ಇರುವುದು ಅದೇ ದಾರಿಯಲ್ಲಿ. ಸೈಬರ್ ಸೆಂಟರ್‌ನಲ್ಲಿ ಕೂತಿದ್ದೆ. ಅರ್ಜಿಯಲ್ಲಿ ಎರಡು ಪ್ರಶ್ನೆ ಬಂದವು. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದೀರಾ? 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಾ? ಎರಡಕ್ಕೂ ನನ್ನ ಉತ್ತರ ಹೌದು. ಎರಡಕ್ಕೂ "ಇಲ್ಲ" ಒತ್ತಿದೆ.

ಯಾಕೆ? ಹೌದು ಅಂದರೆ ಹಳೇ ಅಂಕಪಟ್ಟಿ ತೆಗೆದು ನೋಡುತ್ತಾರೆ ಅನ್ನಿಸಿತು. ಹಳ್ಳಿ ಹುಡುಗ ಅಂತ ಕೆಳಗಿನ ಸಾಲಿಗೆ ತಳ್ಳುತ್ತಾರೆ ಅನ್ನಿಸಿತು. ಎಲ್ಲಕ್ಕಿಂತ ಜಾಸ್ತಿ, ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದೇನೆ ಅನ್ನುವ ಸರ್ಟಿಫಿಕೇಟ್ ಬೇಕಾದರೆ ಹೈಸ್ಕೂಲಿಗೆ ವಾಪಸ್ ಹೋಗಬೇಕಿತ್ತು. "ನಿನ್ನ ಕೈಲಿ ಸೈನ್ಸ್ ಆಗಲ್ಲ ಕಣೋ" ಅಂದಿದ್ದ ಮೇಷ್ಟ್ರ ಮುಂದೆ ನಿಲ್ಲಬೇಕಿತ್ತು. ಆ ಒಂದು ಮುಖ ತಪ್ಪಿಸಲು ಎರಡು ಹಕ್ಕು ಬಿಟ್ಟುಕೊಟ್ಟೆ. ಸೈಬರ್ ಸೆಂಟರ್‌ನವರು "ಹಳ್ಳಿ ಕಡೆಯವನು ಅಲ್ವೇನಪ್ಪಾ ನೀನು?" ಅಂತ ಕೇಳಿದರು ಕೂಡ. "ಇಲ್ಲ, ಟೌನಲ್ಲೇ ಓದಿದ್ದು" ಅಂದೆ.

ಸಿಇಟಿ ಸೀಟಿನಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15 ಪರ್ಸೆಂಟ್, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್ ಮೀಸಲು. ಇದು ಪ್ರತಿ ವರ್ಗದ ಒಳಗೂ ಇರುತ್ತದೆ, ಜನರಲ್ ಮೆರಿಟ್‌ನಲ್ಲೂ ಇದೆ. ಕಟ್ ಆಫ್ ಪಟ್ಟಿ ತೆಗೆದು ನೋಡಿ, 2ಎಜಿ, 2ಎಕೆ, 2ಎಆರ್ ಅಂತ ಪಕ್ಕಪಕ್ಕದಲ್ಲಿ ಕಾಲಂ ಇರುತ್ತವೆ. 2ಎ ಅನ್ನುವುದು ಹಿಂದುಳಿದ ವರ್ಗದ ಒಂದು ಗುಂಪು, ನನ್ನದೂ ಅದೇ. ಜಿ ಅಂದರೆ ಆ ವರ್ಗದ ಸಾಮಾನ್ಯ ಸೀಟು, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ನನಗೆ ಬೇಕಾಗಿದ್ದದ್ದು ಯುವಿಸಿಇ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಕಾಲೇಜು ಅಂತ ಚಿಕ್ಕಂದಿನಿಂದ ಕೇಳಿದ್ದೆ. ಪಟ್ಟಿ ಬಂದ ದಿನ ಬೆರಳಿಟ್ಟು ನೋಡಿದೆ. 2ಎಜಿಯಲ್ಲಿ ನನ್ನ ರ‍್ಯಾಂಕಿಗೆ ಮುಂಚೆಯೇ ಸೀಟು ಮುಗಿದಿತ್ತು. ಪಕ್ಕದ ಆರ್ ಕಾಲಂ ನನ್ನ ರ‍್ಯಾಂಕ್ ದಾಟಿ ಹೋಗಿತ್ತು, ಅಂದರೆ ನನಗಿಂತ ಹಿಂದಿದ್ದವರಿಗೂ ಅಲ್ಲಿ ಸೀಟು ಸಿಕ್ಕಿತ್ತು. ಓಡಿಹೋಗಿ ಕೇಳಿದೆ. "ಅರ್ಜಿಯಲ್ಲಿ ನೀನೇ ಇಲ್ಲ ಅಂದಿದ್ದೀಯಲ್ಲಪ್ಪ" ಅಂದರು. ಅವರು ಹೇಳಿದ್ದು ಸರಿಯೇ. ಖಾಸಗಿ ಕಾಲೇಜು ಸೇರಿದೆ. ಮೊದಲ ವರ್ಷದ ಫೀಸಿಗೆ ಎರಡು ಬೆಳೆ ಗೂಡಿನ ದುಡ್ಡು ಹೋಯಿತು. ಅಪ್ಪ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತಿದ್ದೇನೆ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆ ಹತ್ತು ವರ್ಷ ಎಲ್ಲಿ ಓದಿದಿರಿ, ಯಾವ ಮಾಧ್ಯಮದಲ್ಲಿ ಓದಿದಿರಿ ಅಂತ ಕೇಳುತ್ತಾರೆ. ನೀವು ಹೊರೆ ಅಂದುಕೊಂಡಿರುವುದರಲ್ಲೇ ನಿಮ್ಮ ಬಲ ಇದೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬರೀ ಸಿಇಟಿ ಕೋಚಿಂಗ್ ಹಿಡಿದು ಬೋರ್ಡ್ ಪರೀಕ್ಷೆ ಬಿಡುವವರ ಮಾತು ಕೇಳಬೇಡಿ. ಲೆಕ್ಕ ಹಾಕಿ ನೋಡಿ. ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂದರೆ 45 ಮತ್ತು 25, ಒಟ್ಟು 70. ಪಿಯುಸಿಯಲ್ಲಿ 210 ಬಂದವರು ಅದೇ 70 ಮುಟ್ಟಬೇಕಾದರೆ ಸಿಇಟಿಯಲ್ಲಿ 126 ತೆಗೆಯಬೇಕು. ನಮ್ಮಂಥ ಕಡೆಯಿಂದ ಬಂದವರಿಗೆ ಪಿಯುಸಿ ಅಂಕವೇ ಕೈಗೆ ಸಿಗುವಂಥದ್ದು. ಫಸ್ಟ್ ಪಿಯುಸಿ ಅಂಕ ಲೆಕ್ಕಕ್ಕಿಲ್ಲ, ಆದರೆ ಆ ಪಾಠ ಸಿಇಟಿಗೆ ಬರುತ್ತದೆ.

ಐಐಟಿಗೆ ಜೆಇಇ ಅಡ್ವಾನ್ಸ್ಡ್ ಪ್ರವೇಶ ಪರೀಕ್ಷೆಯ ರ‍್ಯಾಂಕೇ ಮುಖ್ಯ. ಹನ್ನೆರಡನೇ ತರಗತಿಯಲ್ಲಿ 75 ಪರ್ಸೆಂಟ್, ಎಸ್‌ಸಿ ಎಸ್‌ಟಿಯವರಿಗೆ 65, ಇಲ್ಲವೇ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಅಲ್ಲೂ ಹತ್ತನೇ ತರಗತಿ ಅಂಕ ಬೇಕಿಲ್ಲ.

ಹಳೇ ಅಂಕ ಎಲ್ಲೂ ಬರುವುದೇ ಇಲ್ಲ ಅಂತ ಸುಮ್ನೆ ಸಮಾಧಾನ ಹೇಳುವುದಿಲ್ಲ. ಕ್ಯಾಂಪಸ್ ಕೆಲಸಕ್ಕೆ ಬರುವ ಎಷ್ಟೋ ಕಂಪನಿಗಳು ಹತ್ತು, ಹನ್ನೆರಡು, ಡಿಗ್ರಿ ಮೂರರಲ್ಲೂ 60 ಕೇಳುತ್ತವೆ. ನೀವು ಅದನ್ನು ದಾಟಿದ್ದೀರಿ. ಮುಂದೆ ಎಂಬಿಎ ಮನಸ್ಸಾದರೆ, ಬೆಂಗಳೂರಿನ ಐಐಎಂ ಸಂದರ್ಶನಕ್ಕೆ ಆರಿಸುವಾಗ ಕ್ಯಾಟ್ ಪ್ರವೇಶ ಪರೀಕ್ಷೆಯ ಜೊತೆ ಹತ್ತನೇ ತರಗತಿ ಅಂಕಕ್ಕೂ ತೂಕ ಕೊಡುತ್ತದೆ. ಅದು ಮುಂದಿನ ಮಾತು.

ಈಗ ಮಾಡಬೇಕಾದ ಕೆಲಸ ಸರ್ಟಿಫಿಕೇಟಿನದು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯಿಂದ ಬೇಕು. ಹೆಡ್‌ಮೇಷ್ಟ್ರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮತ್ತು ಸೀಲು. ಗ್ರಾಮೀಣ ಬೇರೆ, ಕನ್ನಡ ಮಾಧ್ಯಮ ಬೇರೆ. ಹೆಸರಿನ ಇನಿಷಿಯಲ್ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯಾ ನೋಡಿಕೊಳ್ಳಿ. ಅರ್ಜಿಯಲ್ಲಿ ಆ ಎರಡು ಪ್ರಶ್ನೆ ಬಂದಾಗ ನೀವೇ ಮೌಸ್ ಹಿಡಿಯಿರಿ.

ತಂಗಿಯ ಅರ್ಜಿ ತುಂಬಿದ್ದು ನಾನೇ. ಅದಕ್ಕೆ ಮೊದಲು ಅವಳ ಜೊತೆ ಅದೇ ಹೈಸ್ಕೂಲಿಗೆ ಹೋದೆ. ಅದೇ ಮೇಷ್ಟ್ರು ಇದ್ದರು. ನನ್ನನ್ನು ಕೂರಿಸಿ ಟೀ ತರಿಸಿದರು, ಹತ್ತೇ ನಿಮಿಷದಲ್ಲಿ ಸಹಿ ಹಾಕಿಕೊಟ್ಟರು. ಅವಳಿಗೆ 2ಎಆರ್‌ನಲ್ಲಿ ಸರ್ಕಾರಿ ಸೀಟು ಸಿಕ್ಕಿತು.

ಒಂದು ಮಾತ್ರ ಮೊದಲೇ ನೋಡಿಕೊಳ್ಳಿ. ಶಾಲೆ ಇರುವ ಜಾಗ ಗ್ರಾಮ ಪಂಚಾಯಿತಿಯದಾ, ಗೌರಿಬಿದನೂರು ಪಟ್ಟಣದ ಗಡಿಯೊಳಗಿನದಾ? ಪಟ್ಟಣದ ಒಳಗೆ ಬಂದರೆ ಗ್ರಾಮೀಣ ಸಿಗುವುದಿಲ್ಲ, ಕನ್ನಡ ಮಾಧ್ಯಮ ಸಿಗುತ್ತದೆ. ಯಾವ ಪಂಚಾಯಿತಿ ಅಂತ ಕೆಳಗೆ ಬರೆಯಿರಿ, ಮುಂದಿನದು ಹೇಳುತ್ತೇನೆ.